ಕನ್ನಡಿ ಕಳಚಿದ ಕ್ಯಾಮೆರಾ

ಇಪ್ಪತ್ತೆಂಟು ವರ್ಷಗಳಿಂದ ಕ್ಯಾಮೆರಾ ಹಿಡಿದಿರುವ ನಾನು, ಕಳೆದ ವರ್ಷದವರೆಗೆ ತೆಗೆದ ಸಾವಿರಾರು ಚಿತ್ರಗಳ ಪೈಕಿ ಒಂದನ್ನಾದರೂ ಅದು ಮೂಡಿದ ಕ್ಷಣದಲ್ಲಿ ಕಣ್ಣಾರೆ ಕಂಡವನಲ್ಲ. ಇದು ನನ್ನೊಬ್ಬನ ಸ್ಥಿತಿಯಲ್ಲ, ಎಸ್.ಎಲ್.ಆರ್. ಎಂಬ ವರ್ಗದ ಕ್ಯಾಮೆರಾದಲ್ಲಿ ಚಿತ್ರ ತೆಗೆದವರೆಲ್ಲರ ಸ್ಥಿತಿಯೂ ಇದೇ. ಲೆನ್ಸಿನ ಮೂಲಕ ಒಳಬಂದ ಬೆಳಕನ್ನು ಓರೆಯಾಗಿ ನಿಂತ ಪುಟ್ಟ ಕನ್ನಡಿಯೊಂದು ಮೇಲಕ್ಕೆ ತಿರುಗಿಸುವುದು, ಆ ಬೆಳಕು ಗಾಜಿನ ಪಟ್ಟಕವೊಂದರಲ್ಲಿ ಹೊರಳಿ ನಮ್ಮ ಕಣ್ಣನ್ನು ಬಂದು ಮುಟ್ಟುವುದು, ಇದು ಆ ಕ್ಯಾಮೆರಾದ ರಚನೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೆದ್ದು ಹಿಂದಿನ ಸೆನ್ಸಾರಿಗೆ ದಾರಿ ಬಿಡಬೇಕಾದುದರಿಂದ, ಚಿತ್ರ ಮೂಡುವ ಆ ಅಲ್ಪಕಾಲ ಮಾತ್ರ ನಮ್ಮ ಕಣ್ಣಿಗೆ ಕತ್ತಲೆ. ಮಿಂಚುಳ್ಳಿ ನೀರಿಗೆ ಬಿದ್ದ ಗಳಿಗೆಯನ್ನು ನಾವು ಕಂಡೆವೆಂದರೆ ಅದರ ಚಿತ್ರ ನಮಗೆ ದೊರೆಯಲಿಲ್ಲವೆಂದೇ ತಿಳಿಯತಕ್ಕದ್ದು. ಈ ಕತ್ತಲೆಗೆ ನಾವೆಲ್ಲರೂ ಎಷ್ಟು ಒಗ್ಗಿಹೋಗಿದ್ದೆವೆಂದರೆ, ಅದು ಇದೆಯೆಂಬ ಅರಿವೇ ಅಳಿದುಹೋಗಿತ್ತು. ಕಳೆದ ವರ್ಷ ಕನ್ನಡಿಯಿಲ್ಲದ ಕ್ಯಾಮೆರಾವೊಂದನ್ನು, ಅಂದರೆ ಈಗ ಎಲ್ಲರೂ ಮಿರರ್‌ಲೆಸ್ ಎಂದು ಕರೆಯುವ ಬಗೆಯದನ್ನು, ಮೊದಲ ಸಲ ಕಣ್ಣಿಗೆ ಹಿಡಿದು ಗುಂಡಿ ಒತ್ತಿದಾಗ ಕತ್ತಲೆ ಕವಿಯದಿದ್ದುದನ್ನು ಕಂಡು, ಚಿತ್ರ ಬಿದ್ದಿಲ್ಲವೆಂದು ಭಾವಿಸಿ ಮತ್ತೆ ಮತ್ತೆ ಒತ್ತಿದೆನು. ಬಿದ್ದ ಚಿತ್ರಗಳು ನಲವತ್ತು.

ಕನ್ನಡಿಯ ಏರ್ಪಾಡು ಕೀಳಾದುದೆಂದು ಹೇಳುವುದು ನನ್ನ ಉದ್ದೇಶವಲ್ಲ. ಒಂದು ಕಾಲದಲ್ಲಿ, ಮೇಲೆದ್ದ ಕನ್ನಡಿ ಮುಂದಿನ ಚಿತ್ರಕ್ಕಾಗಿ ಫಿಲ್ಮನ್ನು ಸುತ್ತುವವರೆಗೂ ಮೇಲೆಯೇ ಉಳಿದು, ಅಷ್ಟು ಹೊತ್ತೂ ನೋಟವನ್ನು ಮುಚ್ಚಿಬಿಡುತ್ತಿತ್ತು. 1954ರಲ್ಲಿ ಜಪಾನಿನ ಅಸಾಹಿಫ್ಲೆಕ್ಸ್ ಕ್ಯಾಮೆರಾದ ಹೊಸ ಮಾದರಿಯೊಂದು, ಕನ್ನಡಿ ತಾನಾಗಿಯೇ ಮರಳಿ ಇಳಿಯುವ ಉಪಾಯವನ್ನು ಅಳವಡಿಸಿಕೊಂಡು ಬಂದಿತು. 1959ರ ನಿಕಾನ್ ಎಫ್ ಆ ರಚನೆಯನ್ನು ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿ ಭದ್ರವಾಗಿ ನೆಲೆಗೊಳಿಸಿತು. ಅಂದಿನಿಂದ ಅರ್ಧ ಶತಮಾನಕ್ಕೂ ಮಿಕ್ಕಿ ಕನ್ನಡಿಯದೇ ಆಳ್ವಿಕೆ. 2008ರಲ್ಲಿ ಒಲಿಂಪಸ್ ಮತ್ತು ಪ್ಯಾನಾಸೋನಿಕ್ ಸಂಸ್ಥೆಗಳು ಚಿಕ್ಕ ಸೆನ್ಸಾರಿನ, ಕನ್ನಡಿಯಿಲ್ಲದ ಪದ್ಧತಿಯೊಂದನ್ನು ತಂದುವು. 2013ರಲ್ಲಿ ಸೋನಿ ತನ್ನ ಎ7 ಸರಣಿಯಿಂದ ಅದನ್ನು ಫುಲ್‌ಫ್ರೇಮ್ ಸೆನ್ಸಾರಿಗೆ ವಿಸ್ತರಿಸಿತು. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ಅದೇ ದಾರಿ ಹಿಡಿದ ಮೇಲೆ ಹಳೆಯ ಪದ್ಧತಿಗೆ ಹೊಸ ಬಾಡಿಗಳು ಬರುವುದು ಕ್ರಮೇಣ ನಿಂತೇಹೋಯಿತೆನ್ನಬಹುದು. ಇಂದು ಹಳೆಯ ಕ್ಯಾಮೆರಾ ಸವೆದು, ಮುಂದೇನೆಂದು ಯೋಚಿಸುತ್ತಿರುವವರು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ, ಹೊಸ ಪದ್ಧತಿಯೊಡನೆ ನಾನು ಕಳೆದ ಒಂದು ಮಳೆಗಾಲ ಹಾಗೂ ಒಂದು ಚಳಿಗಾಲದ ಅನುಭವವನ್ನು, ಅವರಿಗೆ ಉಪಯುಕ್ತವಾಗುವ ಮಟ್ಟಿಗೆ, ಇಲ್ಲಿ ಬರೆಯುತ್ತೇನೆ.

ನಾನು ಹತ್ತು ವರ್ಷ ಬಳಸಿದ್ದು ನಿಕಾನ್ ಡಿ 750. 2014ರಲ್ಲಿ ಬಂದ ಕ್ಯಾಮೆರಾ. ಈಗ ನನ್ನ ಕೈಯಲ್ಲಿರುವುದು ಅದೇ ಸಂಸ್ಥೆಯ ಝಡ್ 6ರ ಮೂರನೆಯ ಅವತರಣಿಕೆ, 2024ರಲ್ಲಿ ಬಂದದ್ದು. ಮೊದಲನೆಯದರ ಸೆನ್ಸಾರು 24.3 ಮೆಗಾಪಿಕ್ಸೆಲ್, ಎರಡನೆಯದರದು 24.5. ಹತ್ತು ವರ್ಷಗಳ ಅಂತರದಲ್ಲಿ ಆ ಅಂಕಿ ಹೆಚ್ಚುಕಡಮೆ ನಿಂತಲ್ಲೇ ನಿಂತಿದೆ. ಒಂದೇ ಬೆಳಕಿನಲ್ಲಿ, ಒಂದೇ ಲೆನ್ಸಿನಿಂದ, ಎರಡು ಕ್ಯಾಮೆರಾಗಳಲ್ಲಿಯೂ ತೆಗೆದ ನಮ್ಮ ಹಿತ್ತಲಿನ ಹಲಸಿನ ಮರದ ಚಿತ್ರವನ್ನು ಹನ್ನೆರಡಕ್ಕೆ ಹದಿನೆಂಟು ಅಂಗುಲದ ಅಳತೆಗೆ ಮುದ್ರಿಸಿ, ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಯಾವುದು ಯಾವುದರದೆಂದು ಹಿಂದೆ ಬರೆದ ಗುರುತನ್ನು ನೋಡದೆ ನಾನು ಹೇಳಲಾರದಾದೆನು. ಆದುದರಿಂದ, ಹೊಸ ಕ್ಯಾಮೆರಾದಿಂದ ತಮ್ಮ ಚಿತ್ರಗಳು ಒಮ್ಮೆಲೇ ಸ್ಫುಟವೂ ಸುಂದರವೂ ಆಗುವುವೆಂದು ನಂಬಿ ಹಣ ಹೂಡುವವರು, ಹೂಡುವ ಮೊದಲು ಒಮ್ಮೆ ನಿಲ್ಲುವುದು ಒಳ್ಳೆಯದು. ಬದಲಾಗಿರುವುದು ಮೂಡುವ ಚಿತ್ರವಲ್ಲ, ಅದನ್ನು ಮೂಡಿಸುವ ಮೊದಲು ನಾವು ನೋಡುವ ಕ್ರಮ; ಆ ಕ್ರಮ ನಿಮಗೆ ಬೇಕೇ ಬೇಡವೇ ಎಂಬುದನ್ನು ವ್ಯೂಫೈಂಡರಿಗೆ ಕಣ್ಣಿಟ್ಟು ತೀರ್ಮಾನಿಸಬೇಕಲ್ಲದೆ, ಅಂಕಿಅಂಶಗಳ ಪಟ್ಟಿಯನ್ನು ಓದಿ ತೀರ್ಮಾನಿಸಲಾಗದು.

ಹಳೆಯ ವ್ಯೂಫೈಂಡರಿನಲ್ಲಿ ಕಾಣುತ್ತಿದ್ದುದು ಲೋಕ. ಹೊಸದರಲ್ಲಿ ಕಾಣುವುದು ಆ ಲೋಕದ ಚಿತ್ರ. ಸೆನ್ಸಾರಿನ ಮೇಲೆ ಬಿದ್ದ ಬೆಳಕನ್ನು ಒಂದು ಪುಟ್ಟ ಪರದೆಯ ಮೇಲೆ ಕೂಡಲೇ ಮೂಡಿಸಿ, ಅದನ್ನು ಮಸೂರದ ಮೂಲಕ ತೋರಿಸುವುದೇ ಇದರ ಕ್ರಮವಾದುದರಿಂದ, ನಾವು ಷಟರು, ಅಪರ್ಚರುಗಳನ್ನು ಬದಲಿಸಿದಂತೆಲ್ಲ ಅದರ ಫಲವೂ ಕಣ್ಣೆದುರಿಗೇ ಬದಲಾಗುತ್ತದೆ. ಇದರ ಬೆಲೆ ನನಗೆ ತಿಳಿದುದು ರಂಗನತಿಟ್ಟಿನಲ್ಲಿ. ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾದ ಆ ಕಾವೇರಿಯ ನಡುಗಡ್ಡೆಗಳಿಗೆ ದೋಣಿಯಲ್ಲಿ ಹೋದವರಿಗೆಲ್ಲ ಅಲ್ಲಿಯ ಬೆಳಗಿನ ತೊಡಕು ಪರಿಚಿತ: ನೆರಳಿನಲ್ಲಿ ಕಪ್ಪಾದ ನೀರು, ಅದರಲ್ಲಿ ಮೊಸಳೆಯ ಬೆನ್ನಿನಂಥ ಬಂಡೆ, ಬಂಡೆಯ ಮೇಲೆ ಎಳೆಬಿಸಿಲಿಗೆ ಒಂದು ಬೆಳ್ಳಕ್ಕಿ. ಕ್ಯಾಮೆರಾದ ಅಳೆಯುವ ಯಂತ್ರ ಕಪ್ಪು ನೀರನ್ನೇ ಹೆಚ್ಚಾಗಿ ಎಣಿಸಿ ಬೆಳಕನ್ನು ಏರಿಸುವುದರಿಂದ, ಹಕ್ಕಿಯ ಗರಿಗಳ ಎಳೆಯೊಂದೂ ಉಳಿಯದೆ ಅದು ಬರಿಯ ಬಿಳಿಯ ತೇಪೆಯಾಗಿಬಿಡುತ್ತದೆ. ಹಿಂದೆ ಇದನ್ನು ಮನಸ್ಸಿನಲ್ಲಿಯೇ ಲೆಕ್ಕಹಾಕಿ, ಒಂದೋ ಒಂದೂವರೆಯೋ ಸ್ಟಾಪು ಇಳಿಸಿ, ಚಿತ್ರ ತೆಗೆದು, ಚಾಳೀಸಿನ ಕನ್ನಡಕವನ್ನು ಜೇಬಿನಿಂದ ತೆಗೆದು ಹಾಕಿಕೊಂಡು, ಕ್ಯಾಮೆರಾದ ಬೆನ್ನಿನ ಪರದೆಗೆ ಅಂಗೈಯಿಂದ ನೆರಳು ಮಾಡಿ ನೋಡುವಷ್ಟರಲ್ಲಿ ಹಕ್ಕಿ ಹಾರಿರುತ್ತಿತ್ತು. ಈಗ ಬೆರಳಿನಿಂದ ಗಾಲಿಯನ್ನು ತಿರುಗಿಸುತ್ತ ಹೋದಂತೆ, ಬೆಳ್ಳಕ್ಕಿಯ ಎದೆಯ ಮೇಲೆ ಗರಿಗಳು ಒಂದೊಂದಾಗಿ ಪ್ರತ್ಯಕ್ಷವಾಗುವುದನ್ನು ಕಂಡು, ಸಾಕೆನಿಸಿದಲ್ಲಿ ನಿಲ್ಲಿಸಿದೆನು. ದೋಣಿ ಅಲುಗುತ್ತಲೇ ಇತ್ತು, ಹಕ್ಕಿ ಕತ್ತು ತಿರುಗಿಸಿತು, ಚಿತ್ರವಾಯಿತು.

ಐವತ್ತು ದಾಟಿದ ಓದುಗರಿಗೆ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ತೆಗೆದ ಚಿತ್ರವನ್ನೂ, ಮೆನುವನ್ನೂ ವ್ಯೂಫೈಂಡರಿನ ಒಳಗೇ ನೋಡಬಹುದಾದುದರಿಂದ, ಮತ್ತು ಅದರ ಪಕ್ಕದ ಡಯಾಪ್ಟರ್ ಗುಂಡಿಯನ್ನು ನಮ್ಮ ದೃಷ್ಟಿಗೆ ಸರಿಯಾಗಿ ಒಮ್ಮೆ ಹೊಂದಿಸಿಕೊಂಡರೆ ಅಕ್ಷರಗಳೆಲ್ಲ ಸ್ಪಷ್ಟವಾಗಿ ಕಾಣುವುದರಿಂದ, ಚಾಳೀಸಿನ ಕನ್ನಡಕದ ಕಾಟ ತಪ್ಪಿತು. ಯಾವ ಜಾಹೀರಾತಿನಲ್ಲಿಯೂ ಹೇಳದ ಈ ಒಂದು ಅನುಕೂಲ ನನ್ನ ಪಾಲಿಗೆ ಉಳಿದೆಲ್ಲಕ್ಕಿಂತ ದೊಡ್ಡದು. ಹೊಸ ಕ್ಯಾಮೆರಾ ಕೈಗೆ ಬಂದ ದಿನ ಮೊಟ್ಟಮೊದಲು ಮಾಡತಕ್ಕದ್ದೂ ಇದೇ: ಚಿತ್ರದ ಕಡೆ ನೋಡದೆ, ಪರದೆಯ ಅಂಚಿನ ಅಂಕಿಗಳ ಕಡೆ ನೋಡುತ್ತ ಡಯಾಪ್ಟರನ್ನು ತಿರುಗಿಸಿ ಅವು ಹರಿತವಾಗುವಲ್ಲಿ ನಿಲ್ಲಿಸುವುದು.

ಎರಡನೆಯದಾಗಿ, ಚಿತ್ರ ತೆಗೆದ ಕೂಡಲೇ ಅದನ್ನು ತೋರಿಸುವ ವ್ಯವಸ್ಥೆಯನ್ನು ವ್ಯೂಫೈಂಡರಿನ ಮಟ್ಟಿಗೆ ನಿಲ್ಲಿಸಿಬಿಡಬೇಕು. ಹಳೆಯ ಕ್ಯಾಮೆರಾದಲ್ಲಿ ಅದು ಬೆನ್ನಿನ ಪರದೆಯ ಮೇಲೆ ಮೂಡುತ್ತಿದ್ದುದರಿಂದ ತೊಂದರೆಯಿರಲಿಲ್ಲ; ಇಲ್ಲಿಯಾದರೋ ಹಾರುತ್ತಿರುವ ಹಕ್ಕಿಯ ಮುಂದೆ ಹಾರಿಹೋದ ಹಕ್ಕಿಯ ಚಿತ್ರ ಬಂದು ಅಡ್ಡ ನಿಲ್ಲುತ್ತದೆ. ಇದನ್ನು ಅರಿಯದೆ ನದಿ ರೀವಗಳ ಒಂದು ಇಡೀ ಹಿಂಡನ್ನು ನಾನು ಕಳೆದುಕೊಂಡೆನು. ಬೆನ್ನಿನ ಪರದೆಯಲ್ಲಿ ಮಾತ್ರ ತೋರಿಸು ಎಂಬ ಆಯ್ಕೆ ಮೆನುವಿನಲ್ಲಿ ಉಂಟು. ಅದರಂತೆಯೇ ಸ್ಟುಡಿಯೋದಲ್ಲಿ ಫ್ಲ್ಯಾಶ್ ಹಚ್ಚಿ ಕೆಲಸ ಮಾಡುವವರು, ನಮ್ಮ ಆಯ್ಕೆಗಳ ಫಲವನ್ನು ಮುಂಚಿತವಾಗಿ ತೋರಿಸುವ ವ್ಯವಸ್ಥೆಯನ್ನು ಆ ಹೊತ್ತಿಗೆ ನಿಲ್ಲಿಸದಿದ್ದರೆ, ಫ್ಲ್ಯಾಶ್ ಮಿಂಚುವುದೆಂಬುದನ್ನು ಲೆಕ್ಕಕ್ಕೆ ತಾರದೆ ಕ್ಯಾಮೆರಾ ಬರಿಯ ಕತ್ತಲೆಯನ್ನೇ ತೋರಿಸುತ್ತಿರುತ್ತದೆ. ಮದುವೆಯ ಮಂಟಪದಲ್ಲಿ ಧಾರೆಯ ಹೊತ್ತಿಗೆ ಇದು ತಿಳಿಯುವುದಕ್ಕಿಂತ ಹಿಂದಿನ ರಾತ್ರಿ ಮನೆಯಲ್ಲಿ ತಿಳಿಯುವುದು ಮೇಲು.

ಆದರೆ ವ್ಯೂಫೈಂಡರಿನ ಚಿತ್ರವನ್ನು ಸಂಪೂರ್ಣವಾಗಿ ನಂಬುವುದೂ ಸಲ್ಲದು. ಅದು ಒಂದು ಪರದೆ. ಪರದೆಯ ಕಾಂತಿಗೆ ಏರಿಳಿತವುಂಟು. ಮಬ್ಬುಗತ್ತಲೆಯಲ್ಲಿ ಅದು ನಮ್ಮ ಕಣ್ಣಿಗಿಂತ ಚೆನ್ನಾಗಿ ಕಂಡು, ಸಂಜೆಯನ್ನು ಮಧ್ಯಾಹ್ನದಂತೆ ತೋರಿಸುವುದರಿಂದ, ಬೆಳಕು ಬೇಕಾದಷ್ಟಿದೆಯೆಂಬ ಭ್ರಮೆ ಹುಟ್ಟುತ್ತದೆ. ಹೀಗಾಗಿ ಮೂಲೆಯಲ್ಲಿ ಹಿಸ್ಟೋಗ್ರಾಮಿನ ಪುಟ್ಟ ಗುಡ್ಡವನ್ನು ಇರಿಸಿಕೊಂಡು, ಅದರ ಬಲದ ಅಂಚನ್ನು ನಂಬುವುದು ಲೇಸು. ಇನ್ನೊಂದು ಕೊರತೆಯನ್ನು ಒಪ್ಪಿಕೊಳ್ಳಲೇಬೇಕು: ಎರಡು ಗಂಟೆ ಎಡೆಬಿಡದೆ ನೋಡಿದ ಮೇಲೆ ಕಣ್ಣು ದಣಿಯುತ್ತದೆ. ಹಳೆಯ ಗಾಜಿನ ನೋಟದಲ್ಲಿ ಕಣ್ಣು ದೂರದ ಬೆಟ್ಟವನ್ನು ನೋಡುವಂತೆ ವಿಶ್ರಾಂತವಾಗಿರುತ್ತಿತ್ತು. ಆ ನಿರ್ಮಲತೆ ಈ ಪರದೆಗೆ, ಅದು ಎಷ್ಟೇ ಸೂಕ್ಷ್ಮವಾಗಿರಲಿ, ಇನ್ನೂ ಬಂದಿಲ್ಲವೆಂದು ನನ್ನ ಅಭಿಪ್ರಾಯ.

ಫೋಕಸಿನ ವಿಷಯಕ್ಕೆ ಬರೋಣ. ಡಿ 750ರಲ್ಲಿ 51 ಬಿಂದುಗಳು ಚೌಕಟ್ಟಿನ ನಡುವೆ ಗುಂಪಾಗಿ ಕುಳಿತಿದ್ದುವು. ಅಂಚಿನಲ್ಲಿರುವ ಮುಖಕ್ಕೆ ಫೋಕಸ್ ಮಾಡಬೇಕಾದರೆ ನಡುವೆ ಹಿಡಿದು ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸುವುದು ರೂಢಿಯಾಗಿತ್ತು. ಅಲ್ಲದೆ ಅಲ್ಲಿ ಫೋಕಸನ್ನು ಅಳೆಯುವ ಸೆನ್ಸಾರೇ ಬೇರೆ, ಚಿತ್ರವನ್ನು ಹಿಡಿಯುವ ಸೆನ್ಸಾರೇ ಬೇರೆ. ಇವೆರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಕಣ್ಣಿಗೆ ಇಟ್ಟ ಗುರಿ ಕಿವಿಗೆ ಹೋಗಿ ಬೀಳುತ್ತಿತ್ತು. ಹೊಸ ಪದ್ಧತಿಯಲ್ಲಿ ಚಿತ್ರ ಹಿಡಿಯುವ ಸೆನ್ಸಾರೇ ಫೋಕಸನ್ನೂ ಅಳೆಯುವುದರಿಂದ ಆ ದೋಷದ ಬೇರೇ ಕಿತ್ತುಹೋಗಿದೆ. ಮನುಷ್ಯರ, ಪ್ರಾಣಿಗಳ, ಹಕ್ಕಿಗಳ ಕಣ್ಣನ್ನು ಕ್ಯಾಮೆರಾವೇ ಹುಡುಕಿ ಅದರ ಮೇಲೆ ಪುಟ್ಟ ಚೌಕವನ್ನಿಟ್ಟು, ಅದು ಅತ್ತಿತ್ತ ಹೊರಳಿದಂತೆಲ್ಲ ಹಿಂಬಾಲಿಸುವುದನ್ನು ಕಂಡಾಗ ಮೊದಲ ದಿನ ನನಗಾದುದು ಶುದ್ಧವಾದ ವಿಸ್ಮಯ.

ವಿಸ್ಮಯಕ್ಕೆ ಮಿತಿಯುಂಟೆಂದು ತಿಳಿದುದು ಊರಿನ ಯಕ್ಷಗಾನದಲ್ಲಿ. ಪುಂಡುವೇಷದ ಹುಡುಗನ ಕಣ್ಣನ್ನು, ಅವನು ಧೀಂಗಿಣ ಹೊಡೆಯುತ್ತಿದ್ದಾಗಲೂ, ಕ್ಯಾಮೆರಾ ಬಿಡಲಿಲ್ಲ. ಆದರೆ ಬಣ್ಣದ ವೇಷ ರಂಗಸ್ಥಳಕ್ಕೆ ಬಂದೊಡನೆ ಅದು ದಿಕ್ಕುಗೆಟ್ಟಿತು: ಕೆನ್ನೆಯ ತುಂಬ ಎದ್ದುನಿಂತ ಬಿಳಿಯ ಚುಟ್ಟಿ, ಮೂಗಿನ ಮೇಲಿನ ಗುಂಡು, ಕಣ್ಣಿನ ಸುತ್ತ ಕೆಂಪು ಕಪ್ಪುಗಳ ವರ್ತುಲ, ಇವುಗಳ ನಡುವೆ ಮನುಷ್ಯಮುಖವೆಂಬುದನ್ನೇ ಕಾಣದೆ, ಹಿಂದೆ ಕುಳಿತ ಭಾಗವತರ ಮುಖಕ್ಕೆ ಹೋಗಿ ಅಂಟಿಕೊಂಡಿತು. ಆ ರಾತ್ರಿಯ ಪಾಠದಿಂದ ನಾನು ಕ್ಯಾಮೆರಾದ ಮುಂಭಾಗದ ಗುಂಡಿಯೊಂದಕ್ಕೆ, ಯಾವ ಹುಡುಕಾಟವೂ ಇಲ್ಲದ ಒಂಟಿ ಬಿಂದುವಿನ ಫೋಕಸನ್ನು ಕಟ್ಟಿಟ್ಟಿದ್ದೇನೆ; ಯಂತ್ರ ದಾರಿತಪ್ಪಿದಾಗ ಬೆರಳು ಅದನ್ನು ಒತ್ತುತ್ತದೆ. ಪೊದೆಯೊಳಗಿನ ಹಕ್ಕಿಗೂ ಇದೇ ಮದ್ದು. ಮತ್ತೊಂದು ಸೂಕ್ಷ್ಮವನ್ನು ಸೀರೆಯಂಗಡಿಯವರಿಗಾಗಿ ಚಿತ್ರ ತೆಗೆಯುವವರು ನೆನಪಿಡಬೇಕು: ಚೌಕಟ್ಟಿನ ಉದ್ದಕ್ಕೆ ಸಮಾನಾಂತರವಾಗಿ ಸಾಗುವ ಗೆರೆಗಳಷ್ಟೇ ಇದ್ದಲ್ಲಿ, ಸೆನ್ಸಾರಿನ ಮೇಲಿನ ಫೋಕಸ್ ಬಿಂದುಗಳು ಸೋಲುವುದುಂಟು. ಅಡ್ಡಲಾಗಿ ಹರಡಿದ ಇಳಕಲ್ ಸೀರೆಯ ಅಂಚಿನ ಮೇಲೆ ಲೆನ್ಸು ಹಿಂದೆ ಮುಂದೆ ತಡಕಾಡುತ್ತಿದ್ದರೆ, ಕ್ಯಾಮೆರಾವನ್ನು ತುಸು ಓರೆ ಮಾಡಿ ಫೋಕಸ್ ಹಿಡಿದು, ಮತ್ತೆ ನೇರ ಮಾಡಿ ಗುಂಡಿ ಒತ್ತಿದರೆ ಸಾಕು.

ಯಕ್ಷಗಾನದ ಮಾತು ಬಂದುದರಿಂದ ಷಟರಿನ ವಿಷಯವನ್ನು ಇಲ್ಲಿಯೇ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲಿ. ಈ ಕ್ಯಾಮೆರಾದಲ್ಲಿ ಷಟರುಗಳು ಮುಖ್ಯವಾಗಿ ಎರಡು ಬಗೆ: ಪರದೆಯಂತೆ ತೆರೆದು ಮುಚ್ಚುವ ಯಾಂತ್ರಿಕ ಷಟರು ಒಂದು, ಯಾವ ಚಲನೆಯೂ ಇಲ್ಲದೆ ಸೆನ್ಸಾರನ್ನೇ ಸಾಲುಸಾಲಾಗಿ ಓದುವ ಎಲೆಕ್ಟ್ರಾನಿಕ್ ಷಟರು ಇನ್ನೊಂದು. ಎರಡನೆಯದು ಸಂಪೂರ್ಣ ನಿಶ್ಶಬ್ದ. ಚೌಕಿಯಲ್ಲಿ ಕಲಾವಿದರು ದೀಪದ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಕನ್ನಡಿಯನ್ನು ಎಡಗೈಯಲ್ಲಿ ಹಿಡಿದು ಹುಬ್ಬು ತೀಡುವಾಗ, ಅವರ ಏಕಾಗ್ರತೆಗೆ ನನ್ನ ಹಳೆಯ ಕ್ಯಾಮೆರಾದ ಸದ್ದು ಎಷ್ಟು ಭಂಗ ತರುತ್ತಿತ್ತೆಂಬುದು, ಅದು ನಿಂತ ಮೇಲೆ ನನಗೆ ತಿಳಿಯಿತು. ಹಿರಿಯ ವೇಷಧಾರಿಯೊಬ್ಬರು ಅರ್ಧ ಗಂಟೆಯ ಮೇಲೆ ತಲೆಯೆತ್ತಿ, "ನೀವು ಪಟ ತೆಗೆಯಲು ಇನ್ನೂ ಶುರು ಮಾಡಲಿಲ್ಲವಾ ಮಾರಾಯ್ರೇ?" ಎಂದು ಕೇಳಿದರು. ಅಷ್ಟರೊಳಗೆ ಇನ್ನೂರು ಚಿತ್ರಗಳಾಗಿದ್ದುವು. ಸಂಗೀತ ಕಚೇರಿಯಲ್ಲಿ ಆಲಾಪನೆಯ ನಡುವೆ ಕುಳಿತು ಚಿತ್ರ ತೆಗೆಯುವವರಿಗೂ ಈ ಮೌನ ಒಂದು ವರವೇ ಸರಿ.

ಆದರೆ ಸಾಲುಸಾಲಾಗಿ ಓದುವುದರಿಂದ ಎರಡು ಅನರ್ಥಗಳುಂಟಾಗುತ್ತವೆ. ಮೊದಲ ಸಾಲನ್ನು ಓದಿ ಕಡೆಯ ಸಾಲನ್ನು ಓದುವಷ್ಟರಲ್ಲಿ ವಸ್ತು ಸರಿದಿದ್ದರೆ ಅದರ ರೂಪ ಓರೆಯಾಗುತ್ತದೆ: ನನ್ನ ಒಂದು ಚಿತ್ರದಲ್ಲಿ ಚಂಡೆಯವರ ಕೋಲು ಬಿಲ್ಲಿನಂತೆ ಬಾಗಿದೆ. ಇನ್ನೊಂದು, ದೀಪಗಳ ಮಿನುಗು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದುದರಿಂದ ಅದರಿಂದ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ ನೂರು ಸಲ ಏರಿಳಿಯುತ್ತವೆ. ಕಣ್ಣಿಗೆ ಕಾಣದ ಈ ಏರಿಳಿತವು ಎಲೆಕ್ಟ್ರಾನಿಕ್ ಷಟರಿಗೆ ಸಿಕ್ಕಿ, ಚಿತ್ರದ ಉದ್ದಕ್ಕೂ ಕಪ್ಪು ಪಟ್ಟೆಗಳಾಗಿ ಬೀಳುತ್ತದೆ. ರಂಗಸ್ಥಳಕ್ಕೆ ಎಲ್‌ಇಡಿ ದೀಪಗಳು ಬಂದ ಮೇಲಂತೂ ಇದು ಹೆಚ್ಚು. ಒಂದು ಪ್ರಸಂಗವನ್ನು ಆರಂಭದಿಂದ ಮಂಗಳದವರೆಗೆ 1/500 ಸೆಕೆಂಡಿನಲ್ಲಿ, ನಿಶ್ಶಬ್ದ ಷಟರಿನಲ್ಲಿಯೇ ತೆಗೆದು, ಬೆಳಗ್ಗೆ ಕಂಪ್ಯೂಟರಿನಲ್ಲಿ ನೋಡಿದಾಗ, ದೇವೇಂದ್ರನ ಒಡ್ಡೋಲಗದ ತುಂಬ ಹುಲಿಯ ಮೈಯ ಪಟ್ಟೆಗಳಂತೆ ಗೆರೆಗಳು. ರಾತ್ರಿಯಿಡೀ ನಿದ್ದೆಗೆಟ್ಟ ಶ್ರಮ ನನ್ನದೇ ಅಜ್ಞಾನದಿಂದ ಹಾಳಾದ ವ್ಯಥೆ ಬಹುದಿನ ಕಾಡಿತು. ಕೃತಕ ಬೆಳಕಿನಲ್ಲಿ ಯಾಂತ್ರಿಕ ಷಟರನ್ನೇ ಬಳಸುವುದು, ನಿಶ್ಶಬ್ದತೆ ಅನಿವಾರ್ಯವಾದಲ್ಲಿ 1/50 ಅಥವಾ 1/100 ಸೆಕೆಂಡಿನಲ್ಲಿ ನಿಲ್ಲುವುದು, ಆಟ ಮೊದಲಾಗುವ ಮುನ್ನ ಒಂದೆರಡು ಚಿತ್ರ ತೆಗೆದು ಹಿಗ್ಗಿಸಿ ನೋಡುವುದು, ಇವು ಅಂದಿನಿಂದ ನನ್ನ ನಿಯಮಗಳು. ಕೆಲವು ಎಲ್‌ಇಡಿಗಳ ಮಿನುಗು ನೂರಕ್ಕಿಂತ ಎಷ್ಟೋ ಪಾಲು ವೇಗದ್ದಾಗಿರುವುದರಿಂದ, ಷಟರಿನ ವೇಗವನ್ನು ಕೂದಲೆಳೆಯಷ್ಟು ಹೆಚ್ಚುಕಡಮೆ ಮಾಡಿ ಪಟ್ಟೆಗಳನ್ನು ಅಳಿಸುವ ವ್ಯವಸ್ಥೆಯೊಂದು ಈ ಕ್ಯಾಮೆರಾದ ಮೆನುವಿನಲ್ಲಿದೆ. ಫ್ಲ್ಯಾಶ್ ಬಳಸುವಾಗ ಯಾಂತ್ರಿಕ ಷಟರೇ ಸರಿ.

ಇನ್ನು ಲೆನ್ಸುಗಳು. ಕ್ಯಾಮೆರಾದ ಬಾಡಿಗಿಂತ ಲೆನ್ಸುಗಳಲ್ಲಿಯೇ ಹೆಚ್ಚು ಹಣ ಹೂತಿರುವ ನಮ್ಮಂಥವರಿಗೆ ನಿಜವಾದ ಚಿಂತೆ ಇದೇ. ಲೆನ್ಸು ಕೂಡುವ ಅಂಚಿನಿಂದ ಸೆನ್ಸಾರಿಗೆ ಇರುವ ದೂರ ನಿಕಾನಿನ ಹಳೆಯ ಎಫ್ ಮೌಂಟಿನಲ್ಲಿ 46.5 ಮಿಲಿಮೀಟರು, ಕನ್ನಡಿ ಏಳುವುದಕ್ಕೆ ಅಷ್ಟು ಎಡೆ ಬೇಕೇ ಬೇಕು. ಕನ್ನಡಿ ಹೋದ ಮೇಲೆ ಝಡ್ ಮೌಂಟಿನಲ್ಲಿ ಅದು 16 ಮಿಲಿಮೀಟರಿಗೆ ಇಳಿದಿದೆ, ಬಾಯಿಯ ಅಗಲವೂ 55 ಮಿಲಿಮೀಟರಿಗೆ ಹಿಗ್ಗಿದೆ. ಸೆನ್ಸಾರಿಗೆ ಅತಿ ಸಮೀಪದಲ್ಲಿ ದೊಡ್ಡ ಗಾಜನ್ನು ಕೂರಿಸಲು ಇದರಿಂದ ಲೆನ್ಸಿನ ಶಿಲ್ಪಿಗಳಿಗೆ ಸ್ವಾತಂತ್ರ್ಯ ದೊರೆತು, ಚಿತ್ರದ ಮೂಲೆಗಳವರೆಗೂ ಸ್ಫುಟತೆ ಬಂದಿದೆ. ಮಿಕ್ಕ 30.5 ಮಿಲಿಮೀಟರಿನ ಆ ಖಾಲಿ ಜಾಗದಲ್ಲಿ ಒಂದು ಅಡಾಪ್ಟರನ್ನು ಕೂರಿಸಿದರೆ ಹಳೆಯ ಲೆನ್ಸು ತನ್ನ ಹಿಂದಿನ ದೂರದಲ್ಲಿಯೇ ನಿಲ್ಲುತ್ತದೆ. ನಿಕಾನಿನ ಈ ಅಡಾಪ್ಟರಿಗೆ ಎಫ್‌ಟಿಝಡ್ ಎಂದು ಹೆಸರು. ಎ.ಎಫ್-ಎಸ್, ಎ.ಎಫ್-ಪಿ ಎಂಬ ಗುರುತುಳ್ಳ, ತಮ್ಮೊಳಗೇ ಮೋಟಾರನ್ನು ಹೊಂದಿರುವ ಲೆನ್ಸುಗಳು ಇದರಲ್ಲಿ ಆಟೋಫೋಕಸಿನೊಡನೆಯೇ ಕೆಲಸ ಮಾಡುತ್ತವೆ. ಹಕ್ಕಿಗಳಿಗಾಗಿ ನಾನು ಇಟ್ಟುಕೊಂಡಿರುವ 200-500 ಮಿಲಿಮೀಟರಿನ ಲೆನ್ಸು ಹಳೆಯ ಬಾಡಿಗಿಂತ ಹೊಸದರಲ್ಲಿಯೇ ಹೆಚ್ಚು ಖಚಿತವಾಗಿ ಗುರಿ ಹಿಡಿಯುತ್ತಿದೆ. ಆದರೆ ಬಾಡಿಯ ಮೋಟಾರನ್ನೇ ನೆಚ್ಚಿದ್ದ ಹಳೆಯ ಎ.ಎಫ್-ಡಿ ಲೆನ್ಸುಗಳಿಗೆ ಈ ಅಡಾಪ್ಟರಿನಲ್ಲಿ ಆಟೋಫೋಕಸ್ ಇಲ್ಲ. ಹೊಸ ಬಾಡಿಗೆ ಹಣ ಕೊಡುವ ಮುನ್ನ ತಮ್ಮ ಲೆನ್ಸುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿಟ್ಟು, ಅವುಗಳ ಮೈಮೇಲಿನ ಅಕ್ಷರಗಳನ್ನು ಓದಿ, ಯಾವುದು ಬದುಕುವುದು, ಯಾವುದು ಕೈಯಿಂದ ತಿರುಗಿಸುವುದಕ್ಕೆ ಇಳಿಯುವುದು ಎಂದು ಗುರುತು ಮಾಡಿಕೊಳ್ಳಿರಿ.

ತೂಕ ಇಳಿಯುವುದೆಂಬ ಮಾತನ್ನೂ ಇಲ್ಲಿಯೇ ಪರೀಕ್ಷಿಸಬಹುದು. ಬ್ಯಾಟರಿ, ಕಾರ್ಡುಗಳ ಸಹಿತ ಹಳೆಯ ಬಾಡಿ ಸುಮಾರು 840 ಗ್ರಾಂ, ಹೊಸದು 760. ಎಂಬತ್ತು ಗ್ರಾಂ ಉಳಿತಾಯ. ಆದರೆ ಈಗ ಮಾರುವ ಎರಡನೆಯ ಎಫ್‌ಟಿಝಡ್ ಅಡಾಪ್ಟರು ತಾನೇ 125 ಗ್ರಾಂ. ಹಳೆಯ ಲೆನ್ಸನ್ನೇ ಹೊತ್ತು ತಿರುಗುವವರಿಗೆ ಭಾರ ತುಸು ಹೆಚ್ಚಿತೆಂದೇ ಲೆಕ್ಕ.

ಕೈಯಿಂದಲೇ ಫೋಕಸ್ ಮಾಡುವ ಹಳೆಯ ಲೆನ್ಸುಗಳಿಗೆ ಮಾತ್ರ ಈ ಹೊಸ ಪದ್ಧತಿಯಲ್ಲಿ ಪುನರ್ಜನ್ಮ ದೊರೆತಿದೆ. ನನ್ನ ಬಳಿ ತಂದೆಯವರ ಕಾಲದ 50 ಮಿಲಿಮೀಟರಿನ ಲೆನ್ಸೊಂದು ಬೀರುವಿನಲ್ಲಿ ಮಲಗಿತ್ತು. ಅದರ ಫೋಕಲ್ ದೂರವನ್ನು ಮೆನುವಿನಲ್ಲಿ ಬರೆದಿಟ್ಟರೆ, ಸೆನ್ಸಾರನ್ನೇ ಅಲುಗಿಸಿ ಕೈನಡುಕವನ್ನು ಸರಿದೂಗಿಸುವ ಬಾಡಿಯೊಳಗಿನ ವ್ಯವಸ್ಥೆ ಆ ಹಳೆಯ ಗಾಜಿಗೂ ಒದಗುತ್ತದೆ. ಫೋಕಸ್ ಬಿದ್ದ ಅಂಚುಗಳನ್ನು ಬಣ್ಣದ ಗೆರೆಯಿಂದ ತೋರಿಸುವ ಏರ್ಪಾಡೊಂದುಂಟು. ಅದಕ್ಕೆ ಪೀಕಿಂಗ್ ಎಂದು ಹೆಸರು. ಒಂದು ಸಂಜೆ ಅಮ್ಮ ಜಗಲಿಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದಾಗ ನಾನು ಆ ಲೆನ್ಸಿನ ಉಂಗುರವನ್ನು ಮೆಲ್ಲನೆ ತಿರುಗಿಸುತ್ತ ಹೋದೆನು. ಕೆಂಪು ಗೆರೆ ಮೊದಲು ಅವಳ ಬಳೆಯ ಮೇಲೆ ಬಂದಿತು, ಅಲ್ಲಿಂದ ಬೆರಳಿನ ಗೆಣ್ಣಿಗೆ ಸರಿಯಿತು, ಮತ್ತೆ ಎರಡು ಮೊಗ್ಗುಗಳ ನಡುವೆ ಬಿಗಿಯುತ್ತಿದ್ದ ಬಾಳೆನಾರಿನ ಎಳೆಯ ಮೇಲೆ ನಿಂತಿತು. ನಾರಿನ ಮೇಲೆ ನಿಂತಾಗಲೇ ಗುಂಡಿ ಒತ್ತಿದೆನು. ಹಳೆಯ ಕ್ಯಾಮೆರಾದಲ್ಲಿ ಅಷ್ಟು ತೆಳುವಾದ ಫೋಕಸನ್ನು ಆ ಬೆಳಕಿನಲ್ಲಿ ಕಣ್ಣಿನಿಂದ ಹಿಡಿಯುವುದು ನನ್ನಿಂದಾಗದ ಕೆಲಸವಾಗಿತ್ತು.

ಬ್ಯಾಟರಿಯ ವಿಷಯ ಸಂಕ್ಷೇಪವಾಗಿ. ಗಾಜಿನಿಂದ ನೋಡುವುದಕ್ಕೆ ವಿದ್ಯುತ್ತು ಬೇಡ, ಪರದೆಯಿಂದ ನೋಡುವುದಕ್ಕೆ ಪ್ರತಿ ಕ್ಷಣವೂ ಬೇಕು. ನಿಗದಿಯಾದ ಪರೀಕ್ಷಾಕ್ರಮದಂತೆ ಡಿ 750 ಒಂದು ಚಾರ್ಜಿಗೆ 1,230 ಚಿತ್ರಗಳಿಗೆ ಬರುತ್ತಿತ್ತು. ಹೊಸದು ವ್ಯೂಫೈಂಡರಿನಲ್ಲಿ ಸುಮಾರು 360ಕ್ಕೆ. ಒಂದೇಸಮನೆ ಸರಣಿಯಾಗಿ ತೆಗೆದರೆ ಸಾವಿರ ದಾಟುವುದೂ ಉಂಟು, ಏಕೆಂದರೆ ಇಲ್ಲಿ ಬ್ಯಾಟರಿ ಸವೆಯುವುದು ಚಿತ್ರದ ಸಂಖ್ಯೆಯಿಂದಲ್ಲ, ನೋಡಿದ ಹೊತ್ತಿನಿಂದ. ಪೊದೆಯ ಮುಂದೆ ಒಂದು ಗಂಟೆ ಕಾದು ಒಂದೂ ಚಿತ್ರ ತೆಗೆಯದಿದ್ದರೂ ಬ್ಯಾಟರಿ ಇಳಿದಿರುತ್ತದೆ. ಎರಡು ಬ್ಯಾಟರಿ ಅಗತ್ಯ, ಮೂರಿದ್ದರೆ ನೆಮ್ಮದಿ. ಕಣ್ಣಿಟ್ಟಾಗ ಮಾತ್ರ ಪರದೆ ಹೊತ್ತುವಂತೆ ಮಾಡುವ ಆಯ್ಕೆಯನ್ನು ಬಳಸಿದರೆ ಉಳಿತಾಯ ಬಹಳ. ಫೋನಿನಂತೆ ಪವರ್ ಬ್ಯಾಂಕಿನಿಂದಲೂ ಚಾರ್ಜ್ ಮಾಡಬಹುದಾದುದರಿಂದ ಕಾಡಿನ ಪ್ರಯಾಣದಲ್ಲಿ ಭಯವಿಲ್ಲ.

ಕಾರ್ಡು ಮತ್ತು ಕಂಪ್ಯೂಟರುಗಳ ಖರ್ಚನ್ನು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ. ಈ ಕ್ಯಾಮೆರಾ ಸೆಕೆಂಡಿಗೆ 20 ರಾ ಚಿತ್ರಗಳನ್ನು ತೆಗೆಯಬಲ್ಲುದು, ಹಳೆಯದು ಆರೂವರೆ. ಮೂರು ನಿಮಿಷ ಬೆರಳು ಒತ್ತಿದಷ್ಟಕ್ಕೆ 3,600 ಚಿತ್ರಗಳು. ಎರಡು ಕಾರ್ಡುಗಳ ಜಾಗದಲ್ಲಿ ಒಂದು ಎಸ್‌ಡಿಯದು, ಇನ್ನೊಂದು ಸಿಎಫ್ ಎಕ್ಸ್‌ಪ್ರೆಸ್ ಎಂಬ ದುಬಾರಿ ಕಾರ್ಡಿನದು. ಅದಕ್ಕೆ ಬೇರೆಯೇ ರೀಡರ್ ಬೇಕು. ಹೊಸ ಕ್ಯಾಮೆರಾದ ರಾ ಫೈಲುಗಳನ್ನು ಹಳೆಯ ಸಾಫ್ಟ್‌ವೇರ್ ತೆರೆಯಲಾರದು. ನಿಕಾನಿನವರು ಉಚಿತವಾಗಿ ಕೊಡುವ ಎನ್‌ಎಕ್ಸ್ ಸ್ಟುಡಿಯೋದಿಂದ ಆ ತೊಡಕನ್ನು ದಾಟಬಹುದು. ಗುಂಡಿಯನ್ನು ಅರ್ಧ ಒತ್ತಿಟ್ಟುಕೊಂಡರೆ, ಪೂರ್ತಿ ಒತ್ತುವುದಕ್ಕಿಂತ ಒಂದು ಸೆಕೆಂಡು ಹಿಂದಿನ ಚಿತ್ರಗಳನ್ನೂ, ಜೆಪೆಗ್ ರೂಪದಲ್ಲಿ ಮಾತ್ರ, ಉಳಿಸಿಕೊಡುವ ವ್ಯವಸ್ಥೆಯಿಂದ ಕೊಂಬೆಯಿಂದ ಹಾರುವ ಮಿಂಚುಳ್ಳಿ ನನಗೆ ಮೊದಲ ಬಾರಿ ದೊರೆಯಿತು. ಆದರೆ ದಿನವೂ ಅದನ್ನೇ ಬಳಸಿದರೆ, ಆರಿಸಿ ಅಳಿಸುವುದರಲ್ಲಿಯೇ ಸಂಜೆಗಳು ಕಳೆದುಹೋಗುತ್ತವೆ. ನಾನು ಸೆಕೆಂಡಿಗೆ ಐದಕ್ಕೆ ಇಳಿಸಿಕೊಂಡಿದ್ದೇನೆ.

ಕನ್ನಡಿ ಹೋದುದರಿಂದ ಸೆನ್ಸಾರಿನ ಮುಂದಿನ ಬಾಗಿಲೇ ಹೋದಂತಾಗಿದೆ. ಆಫ್ ಮಾಡಿದಾಗ ಷಟರನ್ನು ಮುಚ್ಚಿಕೊಳ್ಳುವ ಕ್ಯಾಮೆರಾಗಳುಂಟು, ಮುಚ್ಚಿಕೊಳ್ಳದವೂ ಉಂಟು. ಯಾವುದಾದರೂ ಆಗಲಿ, ಲೆನ್ಸು ಬದಲಿಸುವಾಗ ಬಾಡಿಯ ಮುಖವನ್ನು ನೆಲದ ಕಡೆಗೆ ಹಿಡಿದು, ಗಾಳಿಗೆ ಬೆನ್ನು ಕೊಟ್ಟು, ಮುಂದಿನ ಲೆನ್ಸಿನ ಮುಚ್ಚಳವನ್ನು ಮೊದಲೇ ಸಡಿಲಿಸಿಟ್ಟುಕೊಳ್ಳಬೇಕು. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುವುದು ಹಳೆಯ ಕಷ್ಟ. ಹೊಸ ಪದ್ಧತಿ ಅದರಿಂದೇನೂ ಪಾರಾಗಿಲ್ಲ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವವನ್ನು ತೋರಿಸುವ ಪುಟ್ಟ ಮಾಪಕ, ಇಷ್ಟಿದ್ದು ತೇವಾಂಶ ಶೇಕಡಾ 40ರಿಂದ 50ರೊಳಗೆ ನಿಂತರೆ ಸಾಕು. ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ಸೇರಿಸುವುದನ್ನು ಮಾತ್ರ ಬಿಟ್ಟುಬಿಡಿರಿ.

ಕೊಳ್ಳುವ ಕ್ರಮದ ಬಗ್ಗೆ ನನ್ನ ಸಲಹೆ ಇದು. ಬೆಂಗಳೂರಿನಂಥ ಊರಿನಲ್ಲಿ ಕ್ಯಾಮೆರಾಗಳನ್ನು ದಿನಬಾಡಿಗೆಗೆ ಕೊಡುವವರಿದ್ದಾರೆ. ಎರಡು ದಿನಕ್ಕೆ ಪಡೆದು, ನಿಮ್ಮದೇ ಲೆನ್ಸು, ನಿಮ್ಮದೇ ವಸ್ತು, ನಿಮ್ಮದೇ ಬೆಳಕಿನಲ್ಲಿ ತೆಗೆದು ನೋಡಿರಿ. ಬೇರೆ ಸಂಸ್ಥೆಯ ಪದ್ಧತಿಗೆ ಹಾರುವ ಮನಸ್ಸಿದ್ದರೆ ಕೈಯ ಅಭ್ಯಾಸಕ್ಕೂ ಒಂದು ಬೆಲೆ ಕಟ್ಟಬೇಕು: ನಿಕಾನಿನ ಲೆನ್ಸು ತಿರುಗಿ ಕೂರುವ ದಿಕ್ಕಿಗೂ, ಕ್ಯಾನನ್, ಸೋನಿಗಳ ದಿಕ್ಕಿಗೂ ತದ್ವಿರುದ್ಧ, ಹತ್ತು ವರ್ಷದ ಬೆರಳುಗಳು ಅದನ್ನು ಮರೆಯಲು ಒಂದು ಋತುವಾದರೂ ಹಿಡಿಯುತ್ತದೆ. ಮೊದಲು ಬಾಡಿಯನ್ನೂ ಅಡಾಪ್ಟರನ್ನೂ ಕೊಂಡು, ಹಳೆಯ ಲೆನ್ಸುಗಳಿಂದಲೇ ಆರು ತಿಂಗಳು ಕಳೆದು, ಯಾವ ಲೆನ್ಸಿನ ಕೊರತೆ ನಿಜವಾಗಿಯೂ ಕಾಡಿತೋ ಅದನ್ನು ಮಾತ್ರ ಹೊಸ ಮೌಂಟಿನಲ್ಲಿ ಕೊಳ್ಳುವುದು ಮನೆಯ ಲೆಕ್ಕಕ್ಕೂ ಹಿತ. ಯಾವ ದಿನವೂ ಹೊಸ ಕ್ಯಾಮೆರಾದ ಮೊದಲ ಕೆಲಸ ಮತ್ತೊಬ್ಬರ ಮದುವೆಯಾಗದಿರಲಿ.

ಹಳೆಯ ಬಾಡಿಯನ್ನು ನಾನು ಮಾರಲಿಲ್ಲ. ಮಾರುವುದಕ್ಕೆ ಹೋದರೆ ಅದರ ಯೋಗ್ಯತೆಗೂ ಅಂಗಡಿಯವರು ಹೇಳುವ ಬೆಲೆಗೂ ಸಂಬಂಧವೇ ಉಳಿದಿಲ್ಲ. ಅದೇ ಕಾರಣದಿಂದ, ಕಲಿಯುವ ಆಸೆಯಿದ್ದು ಹಣ ಕಡಮೆಯಿರುವವರಿಗೆ ಈಗ ಹಳೆಯ ಬಾಡಿ, ಹಳೆಯ ಲೆನ್ಸುಗಳನ್ನು ಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ನನ್ನದು ಅಕ್ಕನ ಮಗನ ಪಾಲಾಯಿತು. ಫೋನಿನಲ್ಲಲ್ಲದೆ ಬೇರೆ ಯಾವುದರಲ್ಲಿಯೂ ಚಿತ್ರ ತೆಗೆದವನಲ್ಲ ಅವನು. ಅಂಗಳದಲ್ಲಿ ನಿಂತು, ಕಣ್ಣಿಗೆ ಹಿಡಿದು, ಮೊದಲ ಚಿತ್ರ ತೆಗೆದವನೇ ಕ್ಯಾಮೆರಾವನ್ನು ಕೆಳಗಿಳಿಸಿ ನನ್ನ ಕಡೆ ತಿರುಗಿದನು.

"ಮಾವ, ಇದು ಕೆಟ್ಟಿದೆಯಾ? ಒತ್ತಿದ ಕೂಡಲೇ ಒಂದು ಸಲ ಕತ್ತಲಾಯ್ತು."

ಕೆಟ್ಟಿಲ್ಲವೆಂದು ಹೇಳಿ, ಲೆನ್ಸನ್ನು ಕಳಚಿ, ಒಳಗೆ ಓರೆಯಾಗಿ ನಿಂತ ಕನ್ನಡಿಯನ್ನು ತೋರಿಸಿದೆನು. ಅವನು ಬಗ್ಗಿ ನೋಡಿದಾಗ ಅವನ ಕಣ್ಣು ಅದರಲ್ಲಿ ಕಾಣುತ್ತಿತ್ತು.